ಬೀಗ ಕಂಪನಿಯದು, ಬೈಗುಳ ಮಾಸ್ತರಿಗೆ

"ಕನ್ನಡ ಶಾಲೆ ಮಾಸ್ತರಿಗೆ ಲ್ಯಾಪ್‌ಟಾಪ್ ಕೊಟ್ಟರೂ ನೆಟ್ ಹಚ್ಚಲು ಬರೋದಿಲ್ಲ" ಅನ್ನುವವರು ನಮ್ಮ ಚಪಳಗಾಂವದಲ್ಲೂ ಇದ್ದಾರೆ. ಸ್ವಾಮಿ, ಬ್ರಾಡ್‌ಕಾಮ್ ವೈರ್‌ಲೆಸ್ ಕಾರ್ಡಿನ ಹಳೇ ಲ್ಯಾಪ್‌ಟಾಪಿಗೆ ಡೆಬಿಯನ್ ಲಿನಕ್ಸ್ ಹಾಕಿ ನೋಡಿ. ಕಾರ್ಡು ಒಳಗೇ ಇರುತ್ತದೆ, ಅದನ್ನು ನಡೆಸುವ ಫರ್ಮ್‌ವೇರ್ ಇರೋದಿಲ್ಲ. ಅದನ್ನು ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ಟಿಗೆ ಅದೇ ಕಾರ್ಡು ನಡೀಬೇಕು! ಇದು ಮಾಸ್ತರರ ದಡ್ಡತನವೋ, ಕಾರ್ಡು ಮಾರಿ ಕೀಲಿಕೈ ತಾನೇ ಇಟ್ಟುಕೊಂಡ ಕಂಪನಿಯ ಜಿಪುಣತನವೋ? 2010ರಲ್ಲಿ ಬ್ರಾಡ್‌ಕಾಮ್ ಮುಕ್ತ ಡ್ರೈವರ್ ಕೊಟ್ಟಿತು, ನಿಜ. ಅದು ಹೊಸ ಕಾರ್ಡುಗಳಿಗೆ ಮಾತ್ರ. 2023ರ ಡೆಬಿಯನ್ 12 ಬೇರೆ ಎಷ್ಟೋ ಕಾರ್ಡುಗಳ ಫರ್ಮ್‌ವೇರನ್ನು ಜೊತೆಗೇ ಕೊಟ್ಟಿತು, ಈ ಹಳೇದನ್ನು ಕೊಡಲಾಗಲಿಲ್ಲ. ಹಂಚಲು ಅನುಮತಿಯೇ ಇಲ್ಲವಲ್ಲ! ಸದ್ಯಕ್ಕೆ ದಾರಿ ಇಷ್ಟೇ: ಮೊಬೈಲಿಗೆ ಯುಎಸ್‌ಬಿ ವೈರು ಹಚ್ಚಿ, ಟೆದರಿಂಗ್ ಆನ್ ಮಾಡಿ, ಇಳಿಸಿಕೊಳ್ಳಿ. ವೈರ್‌ಲೆಸ್ಸಿಗೂ ವೈರು!