ಓಟಿನ ಪೆಟ್ಟಿಗೆಗೆ ಮುಂಚಿನ ಬಾಗಿಲು

ಅಮೆರಿಕದ ಪ್ರಜಾಪ್ರಭುತ್ವದ ವಿಷಯದಲ್ಲಿ ನಮ್ಮಲ್ಲಿ ಎರಡು ಬಗೆಯ ಮಾತು ರೂಢಿಯಾಗಿದೆ. ಅದು ಜಗತ್ತಿಗೇ ಮಾದರಿ, ನಾವು ಕೈಕಟ್ಟಿ ನಿಂತು ಪಾಠ ಕಲಿಯಬೇಕು ಎಂಬುದು ಒಂದು. ಅದು ಬರಿಯ ಡಾಲರಿನ ಆಟ, ಅಲ್ಲಿ ಬಡವನ ಓಟಿಗೆ ಕಿಮ್ಮತ್ತಿಲ್ಲ ಎಂಬುದು ಇನ್ನೊಂದು. ಈ ಎರಡನೆಯ ಮಾತನ್ನು ನಮ್ಮ ಸಂಗಾತಿಗಳೇ ಕೆಲವರು ಆಡುವುದುಂಟು. ನಾವು ಎರಡನ್ನೂ ಒಪ್ಪುವುದಿಲ್ಲ. ಬಡವನ ಓಟಿಗೆ ಕಿಮ್ಮತ್ತೇ ಇಲ್ಲವೆಂದಾದರೆ, ಅದು ಪೆಟ್ಟಿಗೆ ಸೇರದಂತೆ ತಡೆಯಲು ಅಲ್ಲಿಯ ಉಳ್ಳವರು ನೂರು ವರ್ಷಗಳ ಕಾಲ ಅಷ್ಟೊಂದು ಶ್ರಮಪಟ್ಟದ್ದೇಕೆ?

ಜನಾಂಗದ ಕಾರಣದಿಂದ ಯಾರ ಓಟನ್ನೂ ಕಸಿಯಕೂಡದೆಂದು ಅಮೆರಿಕದ ರಾಜ್ಯಾಂಗಕ್ಕೆ 15ನೆಯ ತಿದ್ದುಪಡಿಯಾದದ್ದು 1870ರಲ್ಲಿ. ಕಾಗದದ ಮೇಲೆ ಗುಲಾಮನ ಮಗನೂ ತೋಟದ ಧಣಿಯೂ ಅಂದೇ ಸಮಾನರಾದರು. ಆದರೆ ಮಿಸಿಸಿಪಿ ಸಂಸ್ಥಾನದಲ್ಲಿ, ಅರ್ಧಕ್ಕಿಂತ ಹೆಚ್ಚು ಜನ ಕಪ್ಪು ಜನರೇ ಆಗಿದ್ದ ಕಾಲದಲ್ಲಿ, 1890ರಲ್ಲಿ ಹೊಸ ರಾಜ್ಯಾಂಗ ಬರೆದರು. ಕಪ್ಪು ಜನರಿಗೆ ಓಟಿಲ್ಲ ಎಂದು ಅದರಲ್ಲಿ ಎಲ್ಲಿಯೂ ಬರೆಯಲಿಲ್ಲ. ಅಷ್ಟು ದಡ್ಡರು ಅವರಲ್ಲ. ಓಟು ಮಾಡುವವನು ವರ್ಷಕ್ಕೆ ಎರಡು ಡಾಲರ್ ತಲೆಗಂದಾಯ ಕಟ್ಟಿ ಎರಡು ವರ್ಷದ ರಸೀದಿ ಇಟ್ಟುಕೊಂಡಿರಬೇಕು ಎಂದರು. ರಾಜ್ಯಾಂಗದ ಕಲಮನ್ನು ಓದಬೇಕು, ಇಲ್ಲವೆ ಅದರ ಅರ್ಥ ಹೇಳಬೇಕು ಎಂದರು. ಹೇಳಿದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಬಿಳಿಯ ಗುಮಾಸ್ತ.

ಪ್ರಶ್ನೆಪತ್ರಿಕೆ ಬರೆದು, ಉತ್ತರ ತಿದ್ದಿದ ಅನುಭವ ನಮಗೂ ಇದೆ. ನಪಾಸು ಮಾಡಲೇಬೇಕೆಂದು ಕುಳಿತ ಪರೀಕ್ಷಕನ ಮುಂದೆ ಯಾವ ಬೃಹಸ್ಪತಿಯೂ ಪಾಸಾಗಲಾರ. ಅಕ್ಷರ ಕಲಿಸುವ ಶಾಲೆಯನ್ನು ಕೊಡದೆ ಅಕ್ಷರದ ಪರೀಕ್ಷೆ ಇಡುವುದಂತೂ ಕಣ್ಣು ಕಟ್ಟಿ ದಾರಿ ತೋರಿಸು ಎಂದ ಹಾಗೆ.

ಫ್ಯಾನಿ ಲೂ ಹೇಮರ್ ಎಂಬ ಹೆಣ್ಣುಮಗಳ ಕಥೆಯನ್ನು ನಮ್ಮ ಪ್ರತಿಯೊಬ್ಬ ಗೇಣಿದಾರನೂ ಕೂಲಿಗಾರ್ತಿಯೂ ಕೇಳಬೇಕು. ಮಿಸಿಸಿಪಿಯ ಹತ್ತಿಯ ತೋಟವೊಂದರಲ್ಲಿ ಆಕೆ 18 ವರ್ಷ ಪಾಲಿನ ಬೇಸಾಯಗಾರಳಾಗಿ ದುಡಿದವಳು. 1962ರ ಆಗಸ್ಟ್ 31ರಂದು, ಓಟರ ಪಟ್ಟಿಯಲ್ಲಿ ಹೆಸರು ಬರೆಸಲೆಂದು ಒಟ್ಟು 18 ಮಂದಿ ಒಂದು ಹಳೆಯ ಬಸ್ಸಿನಲ್ಲಿ ಇಂಡಿಯಾನೋಲ ಊರಿನ ಕಚೇರಿಗೆ ಹೋದರು. ಪರೀಕ್ಷೆಯಲ್ಲಿ ಆಕೆಯನ್ನು ನಪಾಸು ಮಾಡಿದರು. ಮರಳಿ ಬರುವಾಗ ಪೊಲೀಸರು ಬಸ್ಸನ್ನು ತಡೆದು, ಅದರ ಬಣ್ಣ ಸರಿಯಿಲ್ಲವೆಂದು ಚಾಲಕನಿಗೆ ಜುಲ್ಮಾನೆ ಹಾಕಿದರು. ಸಂಜೆ ತೋಟಕ್ಕೆ ಮರಳಿದಾಗ ಧಣಿ ಕಾದಿದ್ದ. ಅರ್ಜಿ ಹಿಂದಕ್ಕೆ ತೆಗೆದುಕೋ, ಇಲ್ಲವೆ ಜಾಗ ಬಿಡು ಎಂದ. ಆಕೆ ಅರ್ಜಿಯನ್ನು ಬಿಡಲಿಲ್ಲ. ಅದೇ ರಾತ್ರಿ ಮನೆಯನ್ನು ಬಿಟ್ಟಳು. ಮುಂದಿನ ವರ್ಷ ವಿನೋನದ ಸೆರೆಮನೆಯಲ್ಲಿ ಆಕೆಯನ್ನು ಮೈ ಹಣ್ಣಾಗುವಂತೆ ಹೊಡೆಸಿದರು. 1964ರಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನದ ಸಮಿತಿಯ ಮುಂದೆ ಕುಳಿತು ಆಕೆ ಇದೆಲ್ಲವನ್ನೂ ದೇಶ ಕೇಳುವಂತೆ ಹೇಳಿದಳು. ಎರಡು ಕುರ್ಚಿ ಕೊಡುತ್ತೇವೆ, ಸುಮ್ಮನಾಗಿ ಎಂದ ಪಕ್ಷದ ದೊಡ್ಡವರಿಗೆ, ಎರಡು ಕುರ್ಚಿಗಾಗಿ ಬಂದವರು ನಾವಲ್ಲ ಎಂದು ಆಕೆಯ ಕಡೆಯವರು ಬೆನ್ನು ತಿರುಗಿಸಿದರು.

ಧಣಿಯ ಆ ಮಾತು ನಮಗೆ ಹೊಸತಲ್ಲ. ಜಾಗ ಬಿಡು ಎಂಬ ಮಾತನ್ನು ಸಾಗರ ತಾಲೂಕಿನ ಕಾಗೋಡಿನ ಒಕ್ಕಲುಗಳೂ ಕೇಳಿದ್ದರು. 1951ರಲ್ಲಿ ಅವರ ಸತ್ಯಾಗ್ರಹಕ್ಕೆಂದು ಬಂದು ಸಾಗರದಲ್ಲಿ ದಸ್ತಗಿರಿಯಾದ ಡಾಕ್ಟರ್ ರಾಮಮನೋಹರ ಲೋಹಿಯಾ ಅವರೇ, 1964ರ ಮೇ ತಿಂಗಳಲ್ಲಿ ಮಿಸಿಸಿಪಿಯ ಜ್ಯಾಕ್ಸನ್ ನಗರದಲ್ಲಿ, ಬಿಳಿಯರಿಗೆ ಮಾತ್ರವೆಂದಿದ್ದ ಊಟದ ಮನೆಯೊಂದಕ್ಕೆ ಕಾಲಿಡಲು ಹೋಗಿ ಪೊಲೀಸರ ವಶವಾದರು. ಎಲ್ಲಿಯ ಮಲೆನಾಡು, ಎಲ್ಲಿಯ ಮಿಸಿಸಿಪಿ! ಅನ್ಯಾಯಕ್ಕೆ ದೇಶಭೇದವಿಲ್ಲವಾದರೆ ಅದರ ಪ್ರತಿಭಟನೆಗೂ ಇರಬೇಕಾದುದಿಲ್ಲ.

ಆ ಬೇಸಿಗೆಯಲ್ಲಿಯೇ, ಓಟರ ನೋಂದಣಿಯ ಚಳುವಳಿಯಲ್ಲಿದ್ದ ಚೇನಿ, ಗುಡ್‌ಮನ್, ಶ್ವರ್ನರ್ ಎಂಬ ಮೂವರು ತರುಣರನ್ನು ಕೊಂದು ಮಣ್ಣಿನ ಕಟ್ಟೆಯೊಂದರಲ್ಲಿ ಹೂತರು. 1965ರ ಮಾರ್ಚ್ 7ರಂದು ಅಲಬಾಮದ ಸೆಲ್ಮಾದಲ್ಲಿ ಓಟಿನ ಹಕ್ಕಿಗಾಗಿ ಸೇತುವೆ ದಾಟಿದ ಮೆರವಣಿಗೆಯ ಮೇಲೆ ಲಾಠಿಯೂ ಅಶ್ರುವಾಯುವೂ ಬಿದ್ದವು. ಇಷ್ಟು ರಕ್ತ ಹರಿದ ಮೇಲೆ 1965ರ ಆಗಸ್ಟ್ 6ರಂದು ಓಟಿನ ಹಕ್ಕಿನ ಕಾಯಿದೆಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. ದಕ್ಷಿಣದ ಸಂಸ್ಥಾನಗಳಲ್ಲಿ ಅಕ್ಷರ ಪರೀಕ್ಷೆ ನಿಂತಿತು. ಪಟ್ಟಿ ಬರೆಯಲು ಕೇಂದ್ರ ಸರ್ಕಾರವೇ ಅಧಿಕಾರಿಗಳನ್ನು ಕಳಿಸಿತು. ಮಿಸಿಸಿಪಿಯ ಕಪ್ಪು ಜನರಲ್ಲಿ ನೂರಕ್ಕೆ ಏಳು ಮಂದಿಯೂ ಇರದಿದ್ದ ಪಟ್ಟಿಯಲ್ಲಿ 1967ರ ಹೊತ್ತಿಗೆ ನೂರಕ್ಕೆ ಸುಮಾರು 60 ಮಂದಿ ಸೇರಿದರು. ಎರಡೇ ವರ್ಷದಲ್ಲಿ ಅವರೆಲ್ಲರೂ ವಿದ್ಯಾವಂತರಾದರೇ? ಇಲ್ಲ. ಬಾಗಿಲು ತೆರೆಯಿತು, ಜನ ಒಳಗೆ ಬಂದರು, ಅಷ್ಟೆ.

ಕಥೆ ಇಲ್ಲಿಗೆ ಸುಖಾಂತವಾಗಿದ್ದರೆ ನಾವು ಇದನ್ನು ಬರೆಯಬೇಕಾಗಿರಲಿಲ್ಲ. ಹಳೆಯ ಅನ್ಯಾಯದ ಪ್ರದೇಶಗಳು ಚುನಾವಣೆಯ ನಿಯಮ ಬದಲಿಸುವ ಮುನ್ನ ಕೇಂದ್ರದ ಒಪ್ಪಿಗೆ ಪಡೆಯಬೇಕೆಂಬುದು ಆ ಕಾಯಿದೆಯ ಬೆನ್ನೆಲುಬು. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಐವರು ಒಂದು ಕಡೆ ನಾಲ್ವರು ಒಂದು ಕಡೆಯಾಗಿ, ಆ ಪ್ರದೇಶಗಳನ್ನು ಗುರುತಿಸುವ ಸೂತ್ರವನ್ನೇ ರದ್ದು ಮಾಡಿತು. ತೀರ್ಪು ಬಂದ ದಿನವೇ ಟೆಕ್ಸಾಸ್, ತಡೆಹಿಡಿಯಲಾಗಿದ್ದ ತನ್ನ ಗುರುತಿನ ಚೀಟಿಯ ಕಾನೂನನ್ನು ಜಾರಿಗೆ ತರುವೆನೆಂದು ಸಾರಿತು. ಫ್ಲಾರಿಡಾದಲ್ಲಿ ಶಿಕ್ಷೆ ಮುಗಿಸಿ ಬಂದ ಹೆಚ್ಚಿನ ಕೈದಿಗಳಿಗೆ ಓಟು ಮರಳಿಸಬೇಕೆಂದು 2018ರಲ್ಲಿ ನೂರಕ್ಕೆ 64ಕ್ಕೂ ಹೆಚ್ಚು ಓಟುಗಾರರು ಹೇಳಿದರು. ಮರುವರ್ಷವೇ ಅಲ್ಲಿಯ ಶಾಸನಸಭೆ, ಕೋರ್ಟಿನ ಜುಲ್ಮಾನೆ ಶುಲ್ಕಗಳನ್ನೆಲ್ಲ ಕಟ್ಟಿದ ಮೇಲೆಯೇ ಓಟು ಎಂದಿತು. ತಲೆಗಂದಾಯ ಸತ್ತಿತೆಂದು ಯಾರು ಹೇಳಿದವರು? ಅದು ವೇಷ ಬದಲಿಸಿ ಹಿಂಬಾಗಿಲಿನಿಂದ ಬಂದಿದೆ.

ಹೊಡೆತವಿಲ್ಲದೆಯೂ ಜನರನ್ನು ಹೊರಗಿಡಬಹುದು. ಅಮೆರಿಕದ ಬಹುಪಾಲು ಸಂಸ್ಥಾನಗಳಲ್ಲಿ ಹೆಸರು ಬರೆಸುವ ಹೊಣೆ ಪ್ರಜೆಯದು. ಕೂಲಿ ಅರಸಿ ಊರೂರು ಅಲೆಯುವವನು ಪ್ರತಿ ಸಲವೂ ಹೊಸ ವಿಳಾಸ ಬರೆಸಬೇಕು. ಚುನಾವಣೆಯೋ, 1845ರ ಕಾನೂನಿನಂತೆ ನವೆಂಬರ್ ತಿಂಗಳ ಒಂದು ಮಂಗಳವಾರ. ದೇಶಕ್ಕೆಲ್ಲ ಅನ್ವಯಿಸುವ ರಜೆ ಅಂದಿಲ್ಲ. 2020ರ ಅಧ್ಯಕ್ಷ ಚುನಾವಣೆಯಲ್ಲಿ ಅರ್ಹರ ಮೂರರಲ್ಲಿ ಎರಡು ಪಾಲು ಜನ ಓಟು ಮಾಡಿದ್ದನ್ನೇ ಅಲ್ಲಿ ದೊಡ್ಡ ಸಾಧನೆ ಎಂದರು. 2014ರ ನಡುಗಾಲದ ಚುನಾವಣೆಗೆ ಬಂದವರು ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ. ಬರದೆ ಉಳಿದವರಲ್ಲಿ ಬಡವರೇ ಹೆಚ್ಚು. ಅವರನ್ನು ಸೋಮಾರಿಗಳೆಂದು ಜರೆಯುವವರು ಬಾಗಿಲುಗಳನ್ನು ಮೊದಲು ಎಣಿಸಲಿ. ಓರೆಗನ್ ಸಂಸ್ಥಾನ 2016ರಿಂದ ಹೆಸರುಗಳನ್ನು ತಾನಾಗಿಯೇ ಪಟ್ಟಿಗೆ ಸೇರಿಸತೊಡಗಿತು. ಆಮೇಲೆ ಇತರ ಹಲವು ಸಂಸ್ಥಾನಗಳೂ ಆ ದಾರಿ ಹಿಡಿದವು. ಮನಸ್ಸಿದ್ದರೆ ಮಾರ್ಗವುಂಟು.

ಆದುದರಿಂದ ಯಾವುದೇ ಪ್ರಜಾಪ್ರಭುತ್ವವನ್ನು ಅಳೆಯಲು ನಮಗೆ ಒಂದೇ ಪ್ರಶ್ನೆ ಸಾಕು: ಪಟ್ಟಿ ಪ್ರಜೆಯ ಮನೆಗೆ ಬರುತ್ತದೆಯೇ, ಪ್ರಜೆ ಪಟ್ಟಿಯ ಬೆನ್ನು ಹತ್ತಬೇಕೇ? ಈ ಒಂದು ವಿಷಯದಲ್ಲಿ ಭಾರತ ತಲೆಯೆತ್ತಿ ನಿಂತಿತ್ತು. 1951-52ರ ಮೊದಲ ಮಹಾಚುನಾವಣೆಗೆ ಮನೆ ಮನೆಗೂ ಹೋಗಿ ಹೆಸರು ಬರೆದರು. ಅಕ್ಷರ ಬಾರದವನಿಗೆಂದು ಗುರುತಿನ ಚಿತ್ರ ಕೊಟ್ಟರು. ಆದರೆ 2025ರಲ್ಲಿ ಬಿಹಾರದ ಪಟ್ಟಿಯನ್ನು ಪರಿಷ್ಕರಿಸಿದಾಗ, ಪಟ್ಟಿಯಲ್ಲಿ ಇದ್ದವರೇ ಫಾರಂ ತುಂಬಿ ಕೊಡಬೇಕಾಯಿತು. ಆಗಸ್ಟ್ 1ರ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. ಸತ್ತವರು, ಊರು ಬಿಟ್ಟವರು, ಎರಡು ಕಡೆ ಹೆಸರಿದ್ದವರು ಎಂದು ಕಾರಣ ಹೇಳಿದರು. ಆ ಹೆಸರುಗಳನ್ನೂ ಕಾರಣಗಳನ್ನೂ ಪ್ರಕಟಿಸಿರೆಂದು ಹೇಳಲು ಸುಪ್ರೀಂ ಕೋರ್ಟೇ ಬೇಕಾಯಿತು. ಸತ್ತವರ ಹೆಸರು ತೆಗೆಯಬೇಡಿರೆಂದು ಯಾರೂ ಹೇಳರು. ಬದುಕಿರುವ ಬಡವನೇ ತಾನು ಬದುಕಿದ್ದೇನೆಂದು ರುಜುವಾತು ಕೊಡಬೇಕಾದ ದಿನ ಮಿಸಿಸಿಪಿ ನಮಗೆ ದೂರವಲ್ಲ.

ಚುನಾವಣೆ ಬಂದಾಗ ಬಾವುಟ ಕಟ್ಟಿ ಘೋಷಣೆ ಕೂಗುವುದೇ ರಾಜಕೀಯ ಎಂದು ತಿಳಿದ ಸಂಗಾತಿಗಳಿಗೆ ನಮ್ಮ ವಿನಂತಿ ಇಷ್ಟೆ. ಚುನಾವಣೆ ಇಲ್ಲದ ಈ ದಿನಗಳಲ್ಲಿ ನಿಮ್ಮ ಊರಿನ ಓಟರ ಪಟ್ಟಿಯನ್ನು ತೆಗೆದುಕೊಳ್ಳಿರಿ. ಹೊಲಗೇರಿಯಿಂದ ಹಿಡಿದು, ಕೂಲಿ ಲೈನಿನಿಂದ ಹಿಡಿದು, ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿರಿ. ಯಾರ ಹೆಸರು ಬಿಟ್ಟಿದೆಯೋ ಅವರನ್ನು ಕರೆದುಕೊಂಡು ತಾಲೂಕು ಕಚೇರಿಗೆ ಹೋಗಿರಿ. ಹದಿನೆಂಟು ಜನ ಒಂದು ಹಳೆಯ ಬಸ್ಸಿನಲ್ಲಿ ಹೊರಟು ಒಂದು ದೇಶದ ಕಣ್ಣು ತೆರೆಸಿದರು. ನಮ್ಮ ಊರಿನಿಂದ ತಾಲೂಕು ಕಚೇರಿ ಅಷ್ಟೇನೂ ದೂರವಿಲ್ಲ.