ಎಂಟು ಜಿಲ್ಲೆಗಳ ಚಪ್ಪಲಿ

ದೀಪಾವಳಿ ಮುಗಿದು ಗುಡ್ಡಾಪುರದ ದಾನಮ್ಮದೇವಿಯ ಛಟ್ಟಿ ಅಮಾವಾಸ್ಯೆಯ ಜಾತ್ರೆ ಬರುವ ಹೊತ್ತಿಗೆ ನಮ್ಮ ಜತ್ತ ಸೀಮೆಯಲ್ಲಿ ಬೆಳಗಿನ ಚಳಿ ಬಿಗಿಯಾಗುತ್ತದೆ. ಅದೇ ಹೊತ್ತಿಗೆ ಮನೆಯ ಹೆಣ್ಣುಮಕ್ಕಳಲ್ಲಿ ಒಂದು ಹೊಸ ಬೇಡಿಕೆಯೂ ಮೊಳೆಯುತ್ತದೆ: ಬೂಟು ಬೇಕು, ಬೂಟಿನ ಮೇಲೆ ಲೆಗ್ ವಾರ್ಮರ್ ಬೇಕು. ಮೊಣಕಾಲಿನ ಕೆಳಗಿನಿಂದ ಹರಡಿನವರೆಗೆ ಏರಿಸಿಕೊಳ್ಳುವ, ಪಾದದ ಭಾಗವೇ ಇಲ್ಲದ, ಸ್ವೆಟರಿನ ತೋಳಿನಂತಹ ಉಣ್ಣೆಯ ಕೊಳವೆಗೆ ಲೆಗ್ ವಾರ್ಮರ್ ಎಂದು ಹೆಸರು. ಮೊಬೈಲಿನ ಚಿತ್ರಗಳಲ್ಲಿ ಅದನ್ನು ಕಂಡ ಮಕ್ಕಳು ಕೇಳುತ್ತಾರೆ. ಈ ಬಿಸಿಲ ನಾಡಿನಲ್ಲಿ ಅದೇಕೆ ಎಂದು ತಾಯಿ ಗದರಿಸುತ್ತಾಳೆ. ಇದೆಲ್ಲ ಥಳಕು ಎಂದು ತಂದೆ ಮಾತು ಮುಗಿಸುತ್ತಾನೆ. ಬೇಡಿಕೆಯನ್ನು ಹೀಗೆ ತಳ್ಳಿಹಾಕುವ ಮುನ್ನ ಅದರೊಳಗಿನ ತಿರುಳನ್ನು ನೋಡುವುದು ಒಳ್ಳೆಯದೆಂದು ನನಗೆ ತೋರುತ್ತದೆ.

ಲೆಗ್ ವಾರ್ಮರ್ ಹುಟ್ಟಿದ್ದು ಥಳಕಿಗಾಗಿ ಅಲ್ಲ. ಪಶ್ಚಿಮದ ಬ್ಯಾಲೆ ನರ್ತಕಿಯರು ಅಭ್ಯಾಸದ ನಡುವೆ ಮೀನಖಂಡದ ಸ್ನಾಯುಗಳು ತಣ್ಣಗಾಗಿ ಸೆಟೆದುಕೊಳ್ಳದಿರಲೆಂದು ಅದನ್ನು ತೊಡುತ್ತಿದ್ದರು. 1983ರಲ್ಲಿ ತೆರೆಕಂಡ ಅಮೆರಿಕದ ‘ಫ್ಲ್ಯಾಶ್‌ಡ್ಯಾನ್ಸ್’ ಚಲನಚಿತ್ರದಂಥವುಗಳಿಂದ ಅದು ಬೀದಿಯ ಉಡುಪಾಯಿತು. ಅದಕ್ಕೂ ಬಹಳ ಹಿಂದೆಯೇ ಭಾರತದ ಸಿಪಾಯಿಗಳು ಬೂಟಿನ ಮೇಲಿನಿಂದ ಮೊಣಕಾಲಿನವರೆಗೆ ಉದ್ದನೆಯ ಉಣ್ಣೆಯ ಪಟ್ಟಿಯನ್ನು ಸುತ್ತಿಕೊಳ್ಳುತ್ತಿದ್ದರು. ಇಂಗ್ಲಿಷರಿಗೆ ಅದು ಎಷ್ಟು ಹಿಡಿಸಿತೆಂದರೆ ವಸ್ತುವಿನೊಡನೆ ‘ಪಟ್ಟಿ’ ಎಂಬ ಶಬ್ದವನ್ನೂ ಎತ್ತಿಕೊಂಡು ‘ಪುಟ್ಟೀ’ ಎಂದು ತಮ್ಮ ನಿಘಂಟಿಗೆ ಸೇರಿಸಿದರು. ಬೂಟಿನೊಡನೆ ಕಾಲಿಗೆ ಉಣ್ಣೆ ಸುತ್ತುವುದನ್ನು ಪರದೇಶದ ಹುಚ್ಚು ಎನ್ನುವವರು ಹಳೆಯ ಪಲ್ಟನ್ನಿನ ಭಾವಚಿತ್ರಗಳನ್ನೊಮ್ಮೆ ನೋಡಬೇಕು.

ಈ ಜೋಡಣೆಯ ಜಾಣತನ ಇಷ್ಟೇ. ಪಾದರಕ್ಷೆ ಒಂದೇ, ಮೇಲಿನ ಹೊದಿಕೆಯನ್ನು ಬದಲಿಸಿದರೆ ಅದೇ ಪಾದರಕ್ಷೆ ಚಳಿಗೂ ಆಯಿತು, ಸೆಖೆಗೂ ಆಯಿತು, ಶಾಲೆಗೂ ಆಯಿತು, ಮದುವೆಗೂ ಆಯಿತು. ಇಬ್ಬರು ಹೆಣ್ಣುಮಕ್ಕಳ ಸಂಸಾರ ತೂಗಿಸುವ ತಾಯಿಗೆ ಇದಕ್ಕಿಂತ ಒಪ್ಪುವ ಲೆಕ್ಕ ಬೇರೆ ಯಾವುದಿದ್ದೀತು? ಆದರೆ ಬೂಟು ಎಂಬುದು ನಮ್ಮ ನಡವಳಿಕೆಗೆ ಹೊಂದುವ ವಸ್ತುವಲ್ಲ. ಬೆಳಿಗ್ಗೆ ಎಂಟಕ್ಕೆ ಹಿತವೆನಿಸಿದ್ದು ಹನ್ನೊಂದರ ಬಿಸಿಲಿಗೆ ಪಾದವನ್ನು ಬೇಯಿಸತೊಡಗುತ್ತದೆ. ಅದಕ್ಕಿಂತಲೂ ದೊಡ್ಡ ತೊಡಕೆಂದರೆ ನಮ್ಮ ಹೊಸ್ತಿಲುಗಳು. ಮನೆ, ಗುಡಿ, ಮಠ, ಅಂಗಡಿಯ ಗಾದಿ, ಅನೇಕ ಕಡೆ ವರ್ಗದ ಕೋಣೆ ಕೂಡ: ಒಂದು ದಿನದಲ್ಲಿ ನಾವು ಹತ್ತು ಸಲ ಕಾಲ್ಮರಿ ಬಿಡುತ್ತೇವೆ, ಹತ್ತು ಸಲ ಮೆಟ್ಟುತ್ತೇವೆ. ಲಾಡಿ ಬಿಚ್ಚಿ ಕಟ್ಟುವ ಬೂಟು ಹಾಕಿಕೊಂಡ ಹುಡುಗಿ ಪ್ರತಿ ಹೊಸ್ತಿಲಲ್ಲೂ ಕುಳಿತೇಳಬೇಕು. ಆದ್ದರಿಂದ ಈ ಜೋಡಣೆಯಲ್ಲಿ ಮೇಲಿನ ಅರ್ಧವನ್ನು ಉಳಿಸಿಕೊಂಡು ಕೆಳಗಿನ ಅರ್ಧವನ್ನು ಬದಲಿಸಬಹುದು. ಬದಲಿಗೆ ಬರಬೇಕಾದದ್ದು ನಮ್ಮ ಸೀಮೆಯಲ್ಲೇ ಸಿದ್ಧವಿದೆ. ಅದು ಕೊಲ್ಹಾಪುರಿ ಚಪ್ಪಲಿ.

ಲೆಗ್ ವಾರ್ಮರಿಗೆ ಪಾದದ ಭಾಗವಿಲ್ಲ ಎಂದೆನಲ್ಲ, ಇಲ್ಲಿ ಅದರ ಪ್ರಯೋಜನ ತಿಳಿಯುತ್ತದೆ. ಹೆಬ್ಬೆರಳಿನ ಉಂಗುರವಿರುವ ಚಪ್ಪಲಿಗೆ ಸಾಮಾನ್ಯ ಸಾಕ್ಸು ಒಗ್ಗುವುದಿಲ್ಲ, ಬಟ್ಟೆ ಬೆರಳ ಸಂದಿಯಲ್ಲಿ ಮುದ್ದೆಯಾಗುತ್ತದೆ. ಲೆಗ್ ವಾರ್ಮರ್ ಹರಡಿನಲ್ಲೇ ನಿಲ್ಲುವುದರಿಂದ ಬೆರಳುಗಳು ಬಿಡುವಾಗಿರುತ್ತವೆ, ಮೀನಖಂಡ ಬೆಚ್ಚಗಿರುತ್ತದೆ. ಇನ್ನೂ ಚಳಿಯೆನಿಸಿದರೆ ಹೆಬ್ಬೆರಳು ಬೇರೆಯಾಗಿರುವ ಸಾಕ್ಸುಗಳು ಪೇಟೆಯಲ್ಲಿ ಸಿಗುತ್ತವೆ. ಜಪಾನಿನವರು ಇಂಥ ಸೀಳುಬೆರಳಿನ ಕಾಲುಚೀಲಕ್ಕೆ ‘ತಾಬಿ’ ಎಂದು ಹೆಸರಿಟ್ಟು, ಬಾರಿನ ಚಪ್ಪಲಿಯೊಡನೆ ಶತಮಾನಗಳಿಂದ ತೊಡುತ್ತ ಬಂದಿದ್ದಾರೆ. ಲೆಗ್ ವಾರ್ಮರಿಗಾಗಿ ಹಣ ಸುರಿಯಬೇಕಾದ ಕಾರಣವೂ ಇಲ್ಲ. ಮೊಣಕೈ ಹರಿದ ಹಳೆಯ ಸ್ವೆಟರಿನ ಎರಡು ತೋಳುಗಳನ್ನು ಕತ್ತರಿಸಿ, ಅಂಚು ಮಡಿಸಿ ಹೊಲಿದರೆ ಒಂದು ಜೋಡಿ ಸಿದ್ಧ. ಸಲವಾರಿನ ಕೆಳಗಾಗಲಿ, ಜೀನ್ಸಿನ ಮೇಲಾಗಲಿ, ಚಪ್ಪಲಿ ಅದೇ. ಯುಗಾದಿಯ ಹೊತ್ತಿಗೆ ಉಣ್ಣೆಯನ್ನು ಮಡಿಸಿಟ್ಟರೆ ಇಳಕಲ್ ಸೀರೆಗೂ ಅದೇ. ಮಳೆಗಾಲಕ್ಕೆ ಮಾತ್ರ ಅದು ಸಲ್ಲದು. ನೆನೆದ ತೊಗಲು ಉಬ್ಬಿ ಹೊಲಿಗೆ ಸಡಿಲಾಗುತ್ತದೆ. ಹೊಸ ಜೋಡಿ ಕಚ್ಚಿದರೆ ರಾತ್ರಿ ಎಣ್ಣೆ ಸವರಿಡಬೇಕು. ಒಂದು ವಾರದಲ್ಲಿ ಅದು ಮೆಟ್ಟಿದವಳ ಪಾದದ ಅಚ್ಚನ್ನೇ ತಾಳುತ್ತದೆ.

ಕೊಳ್ಳುವಾಗ ರೆಗ್ಜಿನ್ನಿನ ಮೋಸಕ್ಕೆ ಬೀಳದಿರಿ. ನಿಜವಾದ ಕೊಲ್ಹಾಪುರಿಯ ತೊಗಲನ್ನು ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡಿರುತ್ತಾರೆ. ಅದರ ವಾಸನೆಯೇ ಬೇರೆ. ಅಟ್ಟೆಗೆ ಮೊಳೆ ಹೊಡೆಯುವುದಿಲ್ಲ, ತೊಗಲಿನದೇ ಸಣ್ಣ ಬಾರಿನಿಂದ ಹೊಲಿಯುತ್ತಾರೆ. ಎರಡೂ ಬದಿಗೆ ಚಾಚಿದ ಭಾಗಕ್ಕೆ ‘ಕಾನ’, ಅಂದರೆ ಕಿವಿ, ಎಂದು ಹೆಸರು. ಮೇಲೆ ಜಡೆಯಂತೆ ಹೆಣೆದ ಪಟ್ಟಿ ‘ವೇಣಿ’. ಆ ವೇಣಿಯನ್ನು ಹೆಣೆಯುವ ಕೈ ಬಹುತೇಕ ಹೆಂಗಸರದು ಎಂಬುದನ್ನು ಇಲ್ಲಿ ನೆನಪಿನಲ್ಲಿಡಿ, ಮುಂದೆ ಅದು ಬೇಕಾಗುತ್ತದೆ.

ಹೆಸರು ಕೊಲ್ಹಾಪುರದ್ದೆಂದು ಇದನ್ನು ನಾವು ಬೇರೆಯವರ ವಸ್ತುವಾಗಿ ಎಣಿಸುತ್ತೇವೆ. ಕಾನೂನು ಹಾಗೆ ಎಣಿಸುವುದಿಲ್ಲ. 1999ರ ಭೌಗೋಳಿಕ ಸೂಚಕಗಳ ಅಧಿನಿಯಮದಂತೆ ಚೆನ್ನೈಯಲ್ಲಿ ಇಡಲಾಗಿರುವ ನೋಂದಣಿ ಪುಸ್ತಕದಲ್ಲಿ ಈ ಚಪ್ಪಲಿಯ ಸೀಮೆ ಎಂಟು ಜಿಲ್ಲೆಗಳು: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಒಡೆತನವೂ ಜಂಟಿಯಾದದ್ದು. ಮಹಾರಾಷ್ಟ್ರದ ಪರವಾಗಿ ಸಂತ ರೋಹಿದಾಸ ಚರ್ಮೋದ್ಯೋಗ ಮಹಾಮಂಡಳ, ಅಂದರೆ ಲಿಡ್‌ಕಾಮ್. ಕರ್ನಾಟಕದ ಪರವಾಗಿ ಡಾ. ಬಾಬು ಜಗಜೀವನರಾಂ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಲಿಡ್ಕರ್. ನಮ್ಮ ಜತ್ತ ತಾಲೂಕು ಸಾಂಗಲಿ ಜಿಲ್ಲೆಯದು. ಅದರ ಎಲ್ಲೆಗೆ ಬೆಳಗಾವಿ, ವಿಜಯಪುರ, ಸೊಲ್ಲಾಪುರ ಜಿಲ್ಲೆಗಳು ತಾಗಿಕೊಂಡಿವೆ. ಎಂಟರಲ್ಲಿ ನಾಲ್ಕು ನಮ್ಮ ಹೊಲದ ಬದುವಿನಲ್ಲೇ ಇವೆ. ಗಡಿಯ ವಿಷಯದಲ್ಲಿ 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಎದುರುಬದುರು ನಿಂತಿರುವ ಎರಡು ರಾಜ್ಯಗಳು ಒಂದು ಜೋಡಿ ಚಪ್ಪಲಿಗೆ ಮಾತ್ರ ಒಂದೇ ಪುಸ್ತಕದಲ್ಲಿ ಪಾಲುದಾರರಾಗಿರುವುದನ್ನು ಕಂಡಾಗ ವಕೀಲನಾದ ನನಗೆ ನಗು ತಡೆಯಲಾಗುವುದಿಲ್ಲ.

2025ರ ಜೂನಿನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿ ತನ್ನ ಪುರುಷರ ಉಡುಪುಗಳ ಪ್ರದರ್ಶನದಲ್ಲಿ ಇದೇ ಆಕಾರದ ಚಪ್ಪಲಿಯನ್ನು ವೇದಿಕೆಗೇರಿಸಿತು. ಭಾರತದ ಹೆಸರಿರಲಿಲ್ಲ, ‘ತೊಗಲಿನ ಸ್ಯಾಂಡಲ್’ ಎಂದಷ್ಟೇ ಹೇಳಲಾಗಿತ್ತು. ಇಲ್ಲಿ ಆಕ್ಷೇಪವೆದ್ದ ಮೇಲೆ ಕಂಪನಿ ಭಾರತದ ಕುಶಲಕರ್ಮಿಗಳ ಋಣವನ್ನು ಪತ್ರಮುಖೇನ ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಲಿಡ್‌ಕಾಮ್ ಮತ್ತು ಲಿಡ್ಕರ್‌ಗಳೊಡನೆ ಒಪ್ಪಂದವಾಗಿ, ನಮ್ಮ ಕಡೆಯ ಕೈಗಳಿಂದಲೇ 2,000 ಜೋಡಿ ಮಾಡಿಸುವ ಯೋಜನೆ ಪ್ರಕಟವಾಯಿತು. ಒಂದು ಜೋಡಿಗೆ ಸುಮಾರು 800 ಯೂರೋ, ಅಂದರೆ ನಮ್ಮ 80 ಸಾವಿರ ರೂಪಾಯಿಗೂ ಹೆಚ್ಚು. ನಮ್ಮ ಸಂತೆಯಲ್ಲಿ ಸಾವಿರದ ಆಚೀಚೆ ಚೌಕಾಶಿ ಮಾಡುವ ವಸ್ತುವಿದು.

ಬೆಲೆಗಿಂತಲೂ ನನಗೆ ಮುಖ್ಯವೆನಿಸಿದ್ದು ನಡುವೆ ನಡೆದ ಒಂದು ಮೊಕದ್ದಮೆ. ನನ್ನ ಕೆಲವು ವೃತ್ತಿಬಾಂಧವರು ಮುಂಬೈ ಉಚ್ಚ ನ್ಯಾಯಾಲಯದಲ್ಲಿ ಪ್ರಾಡಾದ ವಿರುದ್ಧ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಹೂಡಿದರು. ಜುಲೈ ತಿಂಗಳಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಈ ಹೆಸರಿನ ಒಡೆತನ ನೋಂದಾಯಿತ ಸಂಸ್ಥೆಗಳದ್ದು, ಹಕ್ಕಿಗೆ ಧಕ್ಕೆಯಾಗಿದ್ದರೆ ಅವರೇ ದಾವೆ ಹೂಡಬೇಕು, ನೀವು ಯಾರು ಎಂಬುದು ನ್ಯಾಯಾಲಯದ ಪ್ರಶ್ನೆಯ ಸಾರ. ತೀರ್ಪು ಅನೇಕರಿಗೆ ಕಹಿಯೆನಿಸಿತು. ನನಗೆ ಅದು ಸರಿಯೆನಿಸಿತು. ಹಕ್ಕು ಯಾರ ಹೆಸರಿನಲ್ಲಿ ದಾಖಲಾಗಿದೆಯೋ ಅವರಷ್ಟೇ ಅದನ್ನು ಕೇಳಬಲ್ಲರು ಎಂಬ ಮಾತು ಹೊಲದ ಉತಾರಕ್ಕೆ ಎಷ್ಟು ನಿಜವೋ ಚಪ್ಪಲಿಗೂ ಅಷ್ಟೇ ನಿಜ.

ಹಾಗಾದರೆ ಹೊಲಿಯುವವರ ಹೆಸರು ಎಲ್ಲಿ ದಾಖಲಾಗಬೇಕು? ಅಧಿನಿಯಮದ 17ನೆಯ ಕಲಮಿನಲ್ಲಿ ‘ಅಧಿಕೃತ ಬಳಕೆದಾರ’ ಎಂಬ ಸ್ಥಾನವಿದೆ. ವಸ್ತುವನ್ನು ಉತ್ಪಾದಿಸುವ ಯಾವ ವ್ಯಕ್ತಿಯಾದರೂ ಅದಕ್ಕೆ ಅರ್ಜಿ ಹಾಕಬಹುದು. 21ನೆಯ ಕಲಮಿನಂತೆ ಆ ಹೆಸರನ್ನು ಬಳಸುವ ವಿಶೇಷ ಹಕ್ಕು ಅಧಿಕೃತ ಬಳಕೆದಾರರದು. ಉಲ್ಲಂಘನೆಯಾದರೆ ಪರಿಹಾರ ಕೇಳುವ ಹಕ್ಕೂ ಅವರಿಗಿದೆ. ಸುಳ್ಳು ಹೆಸರಿನಲ್ಲಿ ಮಾರುವವರಿಗೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸವನ್ನೂ 50 ಸಾವಿರದಿಂದ 2 ಲಕ್ಷದವರೆಗೆ ದಂಡವನ್ನೂ ಕಾನೂನು ಹೇಳುತ್ತದೆ. 24ನೆಯ ಕಲಮು ಇನ್ನೂ ಸೊಗಸಾದದ್ದು: ಈ ಹಕ್ಕನ್ನು ಮಾರುವಂತಿಲ್ಲ, ಒತ್ತೆಯಿಡುವಂತಿಲ್ಲ. ಸಾಹುಕಾರ ಹೊಲವನ್ನು ಬರೆಸಿಕೊಳ್ಳಬಹುದು, ಇದನ್ನು ಬರೆಸಿಕೊಳ್ಳಲಾರ. ಇಷ್ಟಕ್ಕೆಲ್ಲ ಅರ್ಜಿಯ ಶುಲ್ಕ ಮೊದಲು 500 ರೂಪಾಯಿ ಇತ್ತು. 2020ರ ನಿಯಮ ತಿದ್ದುಪಡಿಯಲ್ಲಿ ಅದನ್ನು 10 ರೂಪಾಯಿಗೆ ಇಳಿಸಲಾಯಿತು.

ಹತ್ತು ರೂಪಾಯಿಯ ಈ ಅರ್ಜಿಯನ್ನು ಮನೆಯಲ್ಲಿ ಯಾರ ಹೆಸರಿನಲ್ಲಿ ಹಾಕಬೇಕು ಎಂಬಲ್ಲಿ ನನ್ನ ವಾದವಿದೆ. ಅಟ್ಟೆ ಕತ್ತರಿಸಿ ಬಡಿಯುವವನು ಗಂಡ. ವೇಣಿ ಹೆಣೆಯುವವಳು, ಹೂವು ಕೆತ್ತುವವಳು, ಬಾರು ಪೋಣಿಸುವವಳು ಹೆಂಡತಿ. ಸಂತೆಗೆ ಹೋಗಿ ಮಾರುವವನು ಗಂಡನಾದ್ದರಿಂದ ಕಸುಬು ಅವನದೆಂದೇ ಲೋಕ ತಿಳಿಯುತ್ತದೆ. ಕಾನೂನಿನ ವ್ಯಾಖ್ಯೆಯಲ್ಲಾದರೋ ಕರಕುಶಲ ವಸ್ತುವನ್ನು ‘ಮಾಡುವವರು’ ಉತ್ಪಾದಕರು. ಮನೆಯ ಯಜಮಾನ ಯಾರೆಂದು ಅದು ಕೇಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಗಂಡನೂ ಹೆಂಡತಿಯೂ ಬೇರೆಬೇರೆಯಾಗಿ ಅರ್ಜಿ ಹಾಕಬಹುದು, ಹಾಕಲೇಬೇಕು. ಪ್ರತಿ ಜೋಡಿಗೆ ಕ್ಯೂಆರ್ ಸಂಕೇತ ಅಂಟಿಸಿ, ಅದನ್ನು ಮೊಬೈಲಿನಲ್ಲಿ ನೋಡಿದಾಗ ಮಾಡಿದವರ ಹೆಸರು ತಿಳಿಯುವ ವ್ಯವಸ್ಥೆಯನ್ನು ಲಿಡ್‌ಕಾಮ್ 2025ರಲ್ಲಿ ತಂದಿದೆ. ಆ ಜಾಗದಲ್ಲಿ ವೇಣಿ ಹೆಣೆದವಳ ಹೆಸರು ಬರಬೇಕಾದರೆ ಮೊದಲು ಆ ಹೆಸರು ಒಂದು ಕಡೆ ದಾಖಲಾಗಿರಬೇಕಷ್ಟೆ.

ಇದು ಆಗದ ಮಾತೇನೂ ಅಲ್ಲ. ನಮ್ಮ ಎಲ್ಲೆಯಾಚೆಯ ಅಥಣಿಯಲ್ಲಿ ಎರಡು ದಶಕಗಳಿಗೂ ಹಿಂದೆಯೇ ಚಪ್ಪಲಿ ಹೊಲಿಯುವ ಮನೆಗಳ ಹೆಂಗಸರ ಸ್ವಸಹಾಯ ಸಂಘಗಳು ಕೂಡಿ ‘ಟೋಹೋಲ್ಡ್’ ಎಂಬ ತಮ್ಮದೇ ಹೆಸರಿನಲ್ಲಿ ಪರದೇಶಕ್ಕೆ ಮಾಲು ಕಳಿಸಿದವು. ಇನ್ನೂ ಹಿಂದಕ್ಕೆ ಹೋದರೆ ಹನ್ನೆರಡನೆಯ ಶತಮಾನದ ಹರಳಯ್ಯನ ಕಥೆಯಿದೆ. ಬಸವಣ್ಣನವರಿಗಾಗಿ ತನ್ನ ಬಲದೊಡೆಯ ಚರ್ಮ ತೆಗೆದವನು ಹರಳಯ್ಯನಾದರೆ, ಜೋಡಿ ಪೂರ್ಣವಾಗಲು ಎಡದೊಡೆಯ ಚರ್ಮ ಕೊಟ್ಟವಳು ಅವನ ಮಡದಿ ಕಲ್ಯಾಣಮ್ಮ. ಬಸವಣ್ಣನವರು ಆ ಪಾದರಕ್ಷೆಯನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರೆಂದು ನಾವೆಲ್ಲ ಕೇಳಿದ್ದೇವೆ. ಪುರಾಣ ಹೇಳುವವರು ಹರಳಯ್ಯನನ್ನು ಹತ್ತು ಸಲ ನೆನೆದರೆ ಕಲ್ಯಾಣಮ್ಮನನ್ನು ಒಮ್ಮೆ ನೆನೆಯುತ್ತಾರೆ. ಅವಳಿಲ್ಲದಿದ್ದರೆ ಒಂದೇ ಕಾಲಿನ ಚಪ್ಪಲಿ ಉಳಿಯುತ್ತಿತ್ತು.

ಪಾಲಕರಲ್ಲಿ ಇನ್ನೊಂದು ಮಾತು. ನಮ್ಮ ಕನ್ನಡ ಶಾಲೆಗಳ ಬೆಂಚುಗಳ ಮೇಲೆ ಸಮಗಾರರ, ಢೋರರ ಮನೆಯ ಮಕ್ಕಳೂ ಕುಳಿತಿರುತ್ತಾರೆ. ತಂದೆಯ ಕಸುಬು ಏನೆಂದು ಕೇಳಿದರೆ ‘ಕೂಲಿ’ ಎಂದು ಬರೆಸುವ ಮಕ್ಕಳುಂಟು. ತಾಯಿಯ ಕಸುಬನ್ನು ಕೇಳುವವರೇ ಇಲ್ಲ. ಚಪ್ಪಲಿ ಎಂಬ ಶಬ್ದವನ್ನು ಬೈಗುಳವಾಗಿ ಬಳಸುವ ಬಾಯಿಯಿಂದಲೇ ಮಿಲಾನಿನ ವೇದಿಕೆಯ ಬಗ್ಗೆ ಅಭಿಮಾನದ ಮಾತು ಬಂದರೆ ಆ ಮಕ್ಕಳು ಯಾವುದನ್ನು ನಂಬಬೇಕು? ನಿಮ್ಮ ಮಗಳು ಬೂಟು ಕೇಳಿದಾಗ ಅವಳನ್ನು ಸಂತೆಯ ಅಂಗಡಿಗಿಂತ ಮೊದಲು ಹೊಲಿಯುವವರ ಮನೆಗೆ ಕರೆದೊಯ್ಯಿರಿ. ಅಳತೆ ಕೊಡಲಿ, ವೇಣಿ ಹೆಣೆಯುವುದನ್ನು ನೋಡಲಿ, ಹೆಣೆಯುವವರನ್ನು ‘ಅಕ್ಕಾ’ ಎಂದು ಕರೆದು ಮಾತನಾಡಿಸಲಿ, ಹೇಳಿದ ಬೆಲೆಯನ್ನು ಚೌಕಾಶಿಯಿಲ್ಲದೆ ಕೊಡಲಿ. ಲೆಗ್ ವಾರ್ಮರ್ ಮನೆಗೆ ಬಂದ ಮೇಲೆ ಹೊಲಿದರಾಯಿತು.

ಅರ್ಜಿಯ ಸಂಗತಿಗೆ ಮರಳುವುದಾದರೆ, ನಮೂನೆಗೆ ಜಿಐ-3 ಎಂದು ಹೆಸರು. ತಾನು ಆ ವಸ್ತುವಿನ ಉತ್ಪಾದಕಳು ಹೇಗೆಂಬ ಹೇಳಿಕೆ ಮತ್ತು ಪ್ರಮಾಣಪತ್ರ ಜೊತೆಗಿರಬೇಕು. ಹೇಳಿಕೆಯಲ್ಲಿ ಬರೆಯಬೇಕಾದದ್ದು ಸರಳ: ಎಷ್ಟು ವರ್ಷಗಳಿಂದ ಮಾಡುತ್ತಿದ್ದೇನೆ, ಯಾರಿಂದ ಕಲಿತೆ, ಯಾವ ಊರಿನಲ್ಲಿ ಕುಳಿತು ಮಾಡುತ್ತೇನೆ, ಯಾವ ತೊಗಲು ಬಳಸುತ್ತೇನೆ, ಯಾವ ಭಾಗ ನನ್ನ ಕೈಯದು. ತಾಯಿ ಕನ್ನಡದಲ್ಲಿ ಹೇಳಿದ್ದನ್ನು ಒಂಬತ್ತನೆಯ ವರ್ಗದ ಮಗಳು ಬರೆದುಕೊಳ್ಳಬಲ್ಲಳು. ಅದನ್ನು ಇಂಗ್ಲಿಷಿಗೆ ಇಳಿಸಲು ಶಾಲೆಯ ಶಿಕ್ಷಕರು ಅರ್ಧ ಗಂಟೆ ಕೊಟ್ಟರೆ ಸಾಕು. ಅರ್ಜಿ ಚೆನ್ನೈಯ ನೋಂದಣಿ ಕಚೇರಿಗೆ ಹೋಗಬೇಕು, ಅದರ ಒಂದು ಪ್ರತಿ ಲಿಡ್‌ಕಾಮ್‌ಗೆ. ಕಳಿಸುವ ಮೊದಲು ಇನ್ನೊಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಿ, ಅಂಚೆಯ ರಸೀದಿಯನ್ನು ಅದಕ್ಕೇ ಟಾಚಣಿ ಹಾಕಿ ಜೋಡಿಸಿಡಿ.