ತೂತು ಕೊಡಕ್ಕೆ ನೀರು ತುಂಬುವ ಮುನ್ನ

ಮನೆ ಬೆಚ್ಚಗಿಟ್ಟುಕೊಳ್ಳಲು ಸರ್ಕಾರ ಹಣ ಕೊಡುತ್ತದೆ ಎಂದರೆ ಸಿರಿಗೇರಿಯ ಜನ ನಕ್ಕಾರು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಬಳ್ಳಾರಿ ಸೀಮೆಯಲ್ಲಿ ಬೆಚ್ಚಗಿರುವುದಕ್ಕೂ ಸಹಾಯಧನವೇ? ಆದರೆ ಬ್ರಿಟನ್ನಿನಲ್ಲಿ ಇದು ನಗೆಯ ಮಾತಲ್ಲ. ಅಲ್ಲಿ ಚಳಿಗಾಲದಲ್ಲಿ ಮನೆ ಕಾಯಿಸಲು ಗತಿಯಿಲ್ಲದ ಬಡವರು ಮತ್ತು ವೃದ್ಧರು ಕಾಯಿಲೆ ಬೀಳುತ್ತಾರೆ; ಸಾಯುವುದೂ ಉಂಟು. ಈ ದುಃಸ್ಥಿತಿಗೆ ಅಲ್ಲಿನವರು ಇಟ್ಟ ಹೆಸರು ‘ಇಂಧನ ಬಡತನ’.

ಬ್ರೆಂಡಾ ಬೋರ್ಡ್‌ಮನ್ ಎಂಬ ಸಂಶೋಧಕಿ 1991ರಲ್ಲಿ ಈ ಕುರಿತೇ ಒಂದು ಪುಸ್ತಕ ಬರೆದರು. ಮನೆಯನ್ನು ಸಾಕಷ್ಟು ಬೆಚ್ಚಗಿಡಲು ಆದಾಯದ ಶೇಕಡ 10ಕ್ಕಿಂತ ಹೆಚ್ಚು ಹಣವನ್ನು ಇಂಧನಕ್ಕೆ ಸುರಿಯಬೇಕಾದರೆ ಆ ಕುಟುಂಬ ಇಂಧನ ಬಡತನದಲ್ಲಿದೆ ಎಂಬ ಲೆಕ್ಕ ಬಳಕೆಗೆ ಬಂದದ್ದು ಅವರಿಂದ. ಬಡವರ ಮನೆ ತಣ್ಣಗಿರುವುದಕ್ಕೆ ಕೈಯಲ್ಲಿ ಕಾಸಿಲ್ಲದಿರುವುದೊಂದೇ ಕಾರಣವಲ್ಲ, ಕಾಯಿಸಿದ ಶಾಖವೆಲ್ಲ ಗೋಡೆ, ಛಾವಣಿ, ಕಿಟಕಿಗಳಿಂದ ಸೋರಿಹೋಗುವುದೂ ಕಾರಣ ಎಂದು ಅವರು ತೋರಿಸಿದರು. ತೂತು ಕೊಡಕ್ಕೆ ಎಷ್ಟು ನೀರು ಸುರಿದರೇನು? ಮೊದಲು ತೂತು ಮುಚ್ಚಬೇಕು.

ಬ್ರಿಟನ್ ಎರಡೂ ದಾರಿಗಳನ್ನು ಹಿಡಿಯಿತು. 1997ರಿಂದ ವೃದ್ಧರಿಗೆ ಚಳಿಗಾಲದ ಇಂಧನಕ್ಕೆಂದು ನಗದು ಕೊಟ್ಟಿತು. 2000ದಿಂದ 2013ರವರೆಗೆ ಇಂಗ್ಲೆಂಡಿನಲ್ಲಿ ನಡೆದ ‘ವಾರ್ಮ್ ಫ್ರಂಟ್’ ಯೋಜನೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಛಾವಣಿಯಲ್ಲಿ ಶಾಖ ತಡೆಯುವ ಹೊದಿಕೆ, ಒಳ್ಳೆಯ ಬಾಯ್ಲರ್ ಮುಂತಾದವನ್ನು ಹಾಕಿಸಿತು. ಈ ಎರಡು ನೆರವುಗಳ ವ್ಯತ್ಯಾಸ ಈಚೆಗೆ ಚೆನ್ನಾಗಿ ಕಂಡಿತು. 2024ರಲ್ಲಿ ಅಲ್ಲಿನ ಸರ್ಕಾರ ನಗದು ನೆರವನ್ನು ತೀರಾ ಬಡವರಿಗೆ ಮಾತ್ರ ಎಂದು ಮೊಟಕುಗೊಳಿಸಿತು. ಗದ್ದಲವೆದ್ದ ಮೇಲೆ 2025ರಲ್ಲಿ ಮತ್ತೆ ಬಹುಪಾಲು ವೃದ್ಧರಿಗೆ ವಿಸ್ತರಿಸಿತು. ನಗದನ್ನು ಒಂದು ಆದೇಶದಿಂದ ನಿಲ್ಲಿಸಬಹುದು. ಆದರೆ ಛಾವಣಿಗೆ ಒಮ್ಮೆ ಹಾಕಿದ ಹೊದಿಕೆಯನ್ನು ಯಾವ ಸರ್ಕಾರವೂ ಕಿತ್ತುಕೊಂಡು ಹೋಗುವುದಿಲ್ಲ.

ಈ ಪಾಠಕ್ಕೂ ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಿಗೂ ಏನು ಸಂಬಂಧ? ಬಹಳ ಇದೆ. ಇಂಧನ ಬಡತನ ನಮ್ಮಲ್ಲೂ ಇದೆ; ಮುಖ ಮಾತ್ರ ಬೇರೆ. ಅದು ಕಾಣುವುದು ಒಲೆಯಲ್ಲಿ, ದೀಪದಲ್ಲಿ, ತಲೆಯ ಮೇಲಿನ ಸೂರಿನಲ್ಲಿ.

ಒಲೆ

ಮುಳ್ಳಿನ ಪೊದೆಯೊಂದಕ್ಕೆ ನಾಡಿನವರೆಲ್ಲ ‘ಬಳ್ಳಾರಿ ಜಾಲಿ’ ಎನ್ನುತ್ತಾರೆ. ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ಭಾರತಕ್ಕೆ ಬಂದ ಈ ಗಿಡ ಹಳ್ಳಿಯ ಬಡವರ ಉರುವಲಾಯಿತು. ಅದರ ಜೊತೆಗೆ ಹತ್ತಿಕಟ್ಟಿಗೆ, ಮೆಣಸಿನ ಕಟ್ಟಿಗೆ, ಕುಳ್ಳು. ಇವಕ್ಕೆ ಕಾಸು ಕೊಡಬೇಕಿಲ್ಲ ನಿಜ. ಆದರೆ ಆರಿಸಿ ತರುವ ಹೊತ್ತಿನ ಬೆಲೆ, ಹೊಗೆ ಕುಡಿಯುವ ಎದೆಯ ಬೆಲೆ ಲೆಕ್ಕಕ್ಕೆ ಬರುವುದಿಲ್ಲ. ತಾಯಿಯ ಜೊತೆ ಕಟ್ಟಿಗೆಗೆ ಹೋಗುವ ಹುಡುಗಿಗೆ ಅಷ್ಟು ಹೊತ್ತು ಪುಸ್ತಕ ತಪ್ಪಿತು. ಮನೆಯೊಳಗಿನ ಹೊಗೆಯಿಂದ ಪ್ರಪಂಚದಲ್ಲಿ 2020ರಲ್ಲಿ ಸುಮಾರು 32 ಲಕ್ಷ ಜನ ಅಕಾಲ ಮರಣಕ್ಕೆ ತುತ್ತಾದರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಇದಕ್ಕೆ ಪರಿಹಾರವೆಂದು 2016ರ ಮೇ 1ರಂದು ಕೇಂದ್ರದ ಉಜ್ವಲ ಯೋಜನೆ ಆರಂಭವಾಯಿತು. ಬಡ ಕುಟುಂಬದ ಮಹಿಳೆಯ ಹೆಸರಿನಲ್ಲಿ ಅಡುಗೆ ಅನಿಲದ ಸಂಪರ್ಕ. ಅದಕ್ಕೆ ಸರ್ಕಾರದಿಂದ 1,600 ರೂಪಾಯಿ ನೆರವು. 2019ರ ಸೆಪ್ಟೆಂಬರ್ ವೇಳೆಗೆ 8 ಕೋಟಿ ಸಂಪರ್ಕಗಳಾದವು. ದೊಡ್ಡ ಸಾಧನೆಯೇ. ಆದರೆ 2019-20ರಲ್ಲಿ ಈ ಕುಟುಂಬಗಳು ವರ್ಷಕ್ಕೆ ಸರಾಸರಿ ಸುಮಾರು 3 ಸಿಲಿಂಡರ್ ಮಾತ್ರ ತುಂಬಿಸಿಕೊಂಡಿದ್ದವು. ಅಂದರೆ ಒಂದು ಸಿಲಿಂಡರ್ ನಾಲ್ಕು ತಿಂಗಳು ಬಂತು. ಅನಿಲ ಮನೆಗೆ ಬಂದರೂ ಕಟ್ಟಿಗೆ ಒಲೆ ಆರಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? 2022ರಲ್ಲಿ ಪ್ರತಿ ಸಿಲಿಂಡರಿಗೆ 200 ರೂಪಾಯಿ, 2023ರಲ್ಲಿ 300 ರೂಪಾಯಿ ಸಹಾಯಧನ ಬಂದ ಮೇಲೆ ಸರಾಸರಿ ಏರಿತು. 2024-25ರಲ್ಲಿ ಅದು 4.47. ಸಂಪರ್ಕ ಕೊಡುವುದು ಒಂದು, ಅದನ್ನು ನಡೆಸಿಕೊಂಡು ಹೋಗುವ ಶಕ್ತಿ ಕೊಡುವುದು ಇನ್ನೊಂದು.

ಕಟ್ಟಿಗೆಯನ್ನೇ ಉರಿಸಬೇಕಾದವರಿಗೆ ಏನು ದಾರಿ? ಈ ಪ್ರಶ್ನೆಯನ್ನು ಕನ್ನಡನಾಡಿನಲ್ಲಿ ಬಹಳ ಹಿಂದೆಯೇ ಎತ್ತಿಕೊಂಡವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಲಿನ ಹಳ್ಳಿಗಳಲ್ಲಿ ಯಾರು, ಎಷ್ಟು, ಏತಕ್ಕಾಗಿ ಇಂಧನ ಬಳಸುತ್ತಾರೆಂದು ಮನೆಮನೆ ಲೆಕ್ಕ ಹಾಕಿದರು. ಅಲ್ಲಿ ಎದ್ದು ಕಂಡದ್ದು ಅಡುಗೆಯ ಕಟ್ಟಿಗೆ. ಸಾಮಾನ್ಯ ಒಲೆಯಲ್ಲಿ ಕಟ್ಟಿಗೆಯ ಶಾಖದ ಬಹುಪಾಲು ಪಾತ್ರೆಗೆ ತಾಗದೆ ವ್ಯರ್ಥವಾಗುತ್ತದೆ. ಮುಚ್ಚಿದ ಉರಿಗೂಡು, ತಳದಲ್ಲಿ ಗಾಳಿ ಆಡಲು ಜಾಳಿಗೆ, ಒಂದೇ ಬೆಂಕಿಗೆ ಮೂರು ಪಾತ್ರೆ, ಹೊಗೆ ಹೊರಹೋಗಲು ಕೊಳವೆ, ಹೀಗೆ ರೂಪುಗೊಂಡದ್ದೇ ‘ಅಸ್ತ್ರ ಒಲೆ’. ಬ್ರಿಟನ್ನಿನ ಛಾವಣಿ ಹೊದಿಕೆಯ ತತ್ವವೇ ಇದು: ಸೋರುವುದನ್ನು ತಡೆ.

ಸುಧಾರಿತ ಒಲೆಗಳಿಗೆ ಕೇಂದ್ರ ಸರ್ಕಾರವೂ ಸಹಾಯಧನ ಕೊಟ್ಟಿತು. ಎಂಬತ್ತರ ದಶಕದಲ್ಲಿ ಆರಂಭವಾದ ಆ ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ಮುಗಿಯಿತು. ಒಲೆಗಳು ಕೋಟಿಗಟ್ಟಲೆ ಆದವು. ಆದರೆ ಅಳತೆ ತಪ್ಪಿ ಕಟ್ಟಿದ ಒಲೆ ಉರಿಯಲಿಲ್ಲ, ಮಸಿ ತೆಗೆಯದ ಕೊಳವೆ ಕಟ್ಟಿಕೊಂಡಿತು, ಒಡೆದದ್ದನ್ನು ರಿಪೇರಿ ಮಾಡುವವರಿರಲಿಲ್ಲ. ಕಟ್ಟಿದ ಒಲೆಗಳನ್ನು ಎಣಿಸಿದಷ್ಟು ಶ್ರದ್ಧೆಯಿಂದ ಉರಿಯುವ ಒಲೆಗಳನ್ನು ಎಣಿಸಲಿಲ್ಲ.

ದೀಪ

ಬಡವರ ಗುಡಿಸಲಿಗೆ ಒಂದು ಬಲ್ಬು ಎಂದು ಎಪ್ಪತ್ತರ ದಶಕದ ಕೊನೆಯಲ್ಲಿ ಕರ್ನಾಟಕದಲ್ಲಿ ಭಾಗ್ಯಜ್ಯೋತಿ ಬಂತು. 2023ರ ಜುಲೈ ಬಳಕೆಯಿಂದ ಗೃಹಜ್ಯೋತಿ ಜಾರಿಯಾಯಿತು. 200 ಯೂನಿಟ್‌ವರೆಗೆ ಉಚಿತ ಎಂಬ ಮಾತು ಎಲ್ಲರಿಗೂ ಗೊತ್ತು. ಆದರೆ ಪ್ರತಿ ಮನೆಗೂ 200 ಯೂನಿಟ್ ಸಿಗುವುದಿಲ್ಲ. 2022-23ರಲ್ಲಿ ಆ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇಕಡ 10 ಸೇರಿಸಿ ಮಿತಿ ಗೊತ್ತುಮಾಡಲಾಯಿತು. 40 ಯೂನಿಟ್ ಉರಿಸುತ್ತಿದ್ದ ಬಡ ಮನೆಗೆ ಹೆಚ್ಚುವರಿಯಾಗಿ ಸಿಕ್ಕಿದ್ದು 4 ಯೂನಿಟ್. 150 ಉರಿಸುತ್ತಿದ್ದವರಿಗೆ 15. ಈ ಅಂತರ ಸರ್ಕಾರದ ಗಮನಕ್ಕೂ ಬಂತು. 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇಕಡ 10ರ ಬದಲು 10 ಯೂನಿಟ್ ಕೊಡಲು 2024ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿತು.

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಿ ನೋಡಬಹುದು. 75 ವಾಟ್‌ನ ಹಳೆಯ ಫ್ಯಾನು ದಿನಕ್ಕೆ 10 ಗಂಟೆ ತಿರುಗಿದರೆ 30 ದಿನಕ್ಕೆ ಇಪ್ಪತ್ತೆರಡೂವರೆ ಯೂನಿಟ್. ಅಷ್ಟೇ ಹೊತ್ತು 30 ವಾಟ್‌ನ ಹೊಸ ಬಗೆಯ ಫ್ಯಾನಿಗೆ 9 ಯೂನಿಟ್ ಸಾಕು. ಉಳಿತಾಯ ಹದಿಮೂರೂವರೆ ಯೂನಿಟ್. ಸರ್ಕಾರ ಕೊಟ್ಟ ಹೆಚ್ಚುವರಿ ಹತ್ತಕ್ಕಿಂತ ಜಾಸ್ತಿ! ಆದರೆ ಮಿತವ್ಯಯದ ಫ್ಯಾನಿನ ಬೆಲೆ ಹೆಚ್ಚು. ಆದ್ದರಿಂದ ಬಡವರು ಕೊಳ್ಳುವುದು ಅಗ್ಗದ, ಹೆಚ್ಚು ಕರೆಂಟು ಕುಡಿಯುವ ಫ್ಯಾನನ್ನೇ. ನೆರವು ಬೇಕಾದದ್ದು ಇಲ್ಲಿ. 2015ರ ಡಿಸೆಂಬರಿನಲ್ಲಿ ‘ಹೊಸ ಬೆಳಕು’ ಹೆಸರಿನಲ್ಲಿ ಎಲ್‌ಇಡಿ ಬಲ್ಬುಗಳನ್ನು ಕಡಿಮೆ ಬೆಲೆಗೆ ಹಂಚಿದಾಗ ಆದದ್ದು ಇಂಥದೇ ಕೆಲಸ.

ಸೂರು

ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ: ಇದು ಬಳ್ಳಾರಿ ಸೀಮೆಯ ಹಳೆಯ ಮನೆ. ಹಗಲಿನ ಬಿಸಿಲು ಒಳಗಿಳಿಯುವ ಹೊತ್ತಿಗೆ ಸಂಜೆಯಾಗಿರುತ್ತಿತ್ತು. ಮಳೆಗಾಲದ ಸೋರಿಕೆ, ವರ್ಷವರ್ಷದ ದುರಸ್ತಿ ಬೇಸರ ತಂದು ತಗಡಿನ ಶೀಟು ಬಂತು. ಕಟ್ಟುವುದು ಸುಲಭ, ಖರ್ಚು ಕಡಿಮೆ; ಮಧ್ಯಾಹ್ನ ಮಾತ್ರ ಕಾದ ಹೆಂಚಿನ ಕೆಳಗೆ ಕುಳಿತಂತೆ. ಹತ್ತನೆಯ ತರಗತಿಯ ಪರೀಕ್ಷೆ ಬರುವುದೂ ಬಿಸಿಲೇರುವ ಮಾರ್ಚ್-ಏಪ್ರಿಲ್‌ನಲ್ಲೇ. ಶೀಟಿನ ಕೆಳಗೆ ಓದುವ ಮಗುವಿಗೂ ತಂಪು ಕೋಣೆಯಲ್ಲಿ ಓದುವ ಮಗುವಿಗೂ ಪ್ರಶ್ನೆಪತ್ರಿಕೆ ಒಂದೇ.

ಛಾವಣಿಗೆ ಬಿಳಿ ಸುಣ್ಣ ಅಥವಾ ಬಿಸಿಲು ಹಿಂತಿರುಗಿಸುವ ಬಣ್ಣ ಬಳಿದರೆ ಒಳಗಿನ ಸೆಕೆ ಕೆಲವು ಡಿಗ್ರಿ ಇಳಿಯುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ‘ತಂಪು ಛಾವಣಿ ನೀತಿ’ಯನ್ನೇ ತಂದಿತು. ಚಳಿ ದೇಶದ ಮನೆಗೆ ಶಾಖ ಹೊರಹೋಗದಂತೆ ಹೊದಿಕೆ. ಬಿಸಿಲ ಸೀಮೆಯ ಮನೆಗೆ ಶಾಖ ಒಳಬಾರದಂತೆ ಸುಣ್ಣ. ಭೌತಶಾಸ್ತ್ರ ಎರಡೂ ಕಡೆ ಅದೇ.

ಹಾಗಾದರೆ ಉಚಿತ ವಿದ್ಯುತ್ತು, ಸಿಲಿಂಡರಿನ ಸಹಾಯಧನ ಬೇಡವೇ? ಬೇಕು. ಇಂದು ಹಸಿದವನಿಗೆ ಇಂದೇ ಅನ್ನ ಬೇಕು. ಆದರೆ ಬಿಲ್ಲು ಕಟ್ಟುವ ನೆರವು ತಿಂಗಳು ತಿಂಗಳು ಬರಬೇಕು. ಒಲೆ, ಫ್ಯಾನು, ಛಾವಣಿ ಸರಿಪಡಿಸುವ ನೆರವು ಒಮ್ಮೆ ಬಂದರೆ ವರ್ಷಗಟ್ಟಲೆ ಉಳಿಯುತ್ತದೆ. ಎರಡನೆಯದಕ್ಕೆ ಉದ್ಘಾಟನೆಯ ಸಡಗರ ಕಡಿಮೆ, ಕೇಳುವವರೂ ಕಡಿಮೆ.

ಈ ರಜೆಯಲ್ಲಿ ಮಕ್ಕಳು ಜೆಸ್ಕಾಂ ಬಿಲ್ಲನ್ನು ಮುಂದಿಟ್ಟುಕೊಂಡು ಮನೆಯ ಯಾವ ವಸ್ತು ಎಷ್ಟು ಯೂನಿಟ್ ತಿನ್ನುತ್ತದೆಂದು ಬರೆಯಲಿ. ಸಿಲಿಂಡರ್ ಬಂದ ದಿನ, ಮುಗಿದ ದಿನ ಗುರುತು ಹಾಕಲಿ. ತಂದೆತಾಯಿಗಳೂ ಜೊತೆಗೆ ಕೂರಲಿ. ಮನೆಯ ತೂತು ಎಲ್ಲಿದೆ ಎಂದು ಗೊತ್ತಾದರೆ, ಗ್ರಾಮಸಭೆಯಲ್ಲಿ ಏನು ಕೇಳಬೇಕೆಂಬುದೂ ಗೊತ್ತಾಗುತ್ತದೆ.